ಹರಿಗೋಲು ತೂತು, ನಾವು ಸುಖ

ನಾವು ಸುಖವಾಗಿದ್ದೇವೆ ಎಂದು ಸರ್ಕಾರದ ಕಾಗದದಲ್ಲಿ ಬರೆದುಬಿಟ್ಟಿದ್ದಾರೆ. ನಮಗೆ ಆಗಿರುವ ಅನ್ಯಾಯ ಇದೇ. ಎಷ್ಟು ಕೂಗಾಡಿದರೂ ಆ ಬರಹ ಅಳಿಯುವುದಿಲ್ಲ, ಏಕೆಂದರೆ ಅದನ್ನು ಬರೆಸಿದವರೂ ನಾವೇ. ದೊಡ್ಡವರು ಯಾರಾದರೂ ‘ಸುಖವೇ?’ ಎಂದರೆ ಸಾಕು, ‘ತಮ್ಮ ದಯೆ’ ಎಂದುಬಿಡುವುದು ನಮ್ಮ ಬಾಯಿಗೆ ಅಂಟಿದ ರೋಗ. ಈ ರೋಗದಿಂದ ನಮ್ಮ ಕಡೆ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ. ನಗಲಿ. ಆದರೆ ಕೊನೆಯವರೆಗೆ ಓದಲಿ, ಅಲ್ಲಿ ಅವರಿಗೊಂದು ಕೆಲಸ ಇಟ್ಟಿದ್ದೇನೆ.

ನಮ್ಮೂರು ಅರ್ಕಾವತಿಯ ಈಚೆ ದಡ. ಕ್ಲೋಸ್‌ಪೇಟೆಯ ಸಂತೆ, ಆಸ್ಪತ್ರೆ, ಸೂಲಗಿತ್ತಿ ಎಲ್ಲಾ ಆಚೆ ದಡ. ಹೊಳೆ ತುಂಬಿದಾಗ ದಾಟಲು ತಾಲ್ಲೂಕು ಬೋರ್ಡಿನವರದೊಂದು ಹರಿಗೋಲಿದೆ. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊದಿಸಿದ ತೊಗಲು. ಆ ತೊಗಲು ಕೊಳೆತು ಮೂರು ಕಡೆ ತೂತಾಗಿದೆ. ಬೋರ್ಡಿನ ಸ್ವತ್ತಾದ್ದರಿಂದ ನಾವೇ ಒಂದು ಹೊಲಿಗೆ ಹಾಕಿದರೂ ತಪ್ಪು. ಹರಿಗೋಲು ನಡೆಸುವ ಅಂಬಿಗನಿಗೆ ಒಬ್ಬಳೇ ಮಗಳು. ಚನ್ನಪಟ್ಟಣದ ಗೊಂಬೆ ಕೆಲಸದವನಿಗೆ ಕೊಟ್ಟಿದ್ದಾನೆ. ಯುಗಾದಿ ಕಳೆದ ಮೇಲೆ ಅವಳು ಬಸುರಿ ಎಂಬ ಸುದ್ದಿ ಬಂತು. ಅಂಬಿಗ ಬೆರಳು ಮಡಿಸಿ ತಿಂಗಳು ಎಣಿಸಿದ. ಹೆರಿಗೆಗೆ ಅವಳು ತೌರಿಗೆ ಬರುವ ಹೊತ್ತಿಗೆ ಹೊಳೆ ತುಂಬಿರುತ್ತದೆ. ಹೊಸ ತೊಗಲು ಬೇಕು. ನಮ್ಮ ಜಗಳವೆಲ್ಲಾ ಅಷ್ಟಕ್ಕೇ.

ನಾನು ಸಂತೆಯಲ್ಲಿ ಬೆಲ್ಲ ತೂಗುವವನು. ಬೆಲ್ಲ ಕಟ್ಟುವ ಹಳೆಯ ಕಾಗದಗಳಲ್ಲೇ ಅಕ್ಷರ ಕಲಿತೆ. ಅಕ್ಷರದ ಹಿಂದೆಯೇ ಸಿಟ್ಟೂ ಬಂತು. ಹೊಸ ತೊಗಲು ಕೇಳಿ ಅರ್ಜಿ ಬರೆದವನು ನಾನೇ.

ಕುಶಲ ಪ್ರಶ್ನೆ

ತಾಲ್ಲೂಕಿನ ಅಮಲ್ದಾರರು ಊರೂರು ವಿಚಾರಿಸುತ್ತಾ ಸರ್ಕೀಟು ಬಂದರು. ಊರಾಚೆ ಹೊಂಗೆ ಮರದ ಕೆಳಗೆ ಅವರು ತಂದ ಕುರ್ಚಿ ಹಾಕಿದ್ದಾಯಿತು. ಅಂಬಿಗ ನನ್ನ ಪಕ್ಕದಲ್ಲಿ ಹಲ್ಲು ಕಡಿಯುತ್ತಿದ್ದ.

“ಇವತ್ತು ಬುಡಾಕಿಲ್ಲ ಕಣ್ಲಾ. ಆವಯ್ಯನ ಕೈ ಇಡ್ಕಂಡು ಓಗಿ, ತೂತೊಳಕ್ಕೆ ಬೆಳ್ಳು ಆಕ್ಸಿ ತೋರುಸ್ತೀನಿ.”

ಅವನ ಸರದಿ ಬಂತು. ಅಮಲ್ದಾರರು ಅರ್ಜಿಯ ಮೇಲೆ ಕಣ್ಣಾಡಿಸಿ, ತಲೆಯೆತ್ತಿ, ಬಲು ಮೃದುವಾಗಿ ಕೇಳಿದರು: “ಏನಯ್ಯಾ ಅಂಬಿಗ, ಎಲ್ಲಾ ಸುಖವೇ?”

ಅಂಬಿಗನ ಹೆಗಲ ಮೇಲಿನ ವಸ್ತ್ರ ಸೊಂಟಕ್ಕೆ ಇಳಿಯಿತು. “ತಮ್ ದಯ ಬುದ್ದಿ. ಸುಕವಾಗಿವ್ನಿ.”

“ಹರಿಗೋಲು?”

“ಅದೂ ಸುಕವಾಗೈತೆ ಬುದ್ದಿ.”

ನಾನು ಅವನ ಬೆನ್ನಿಗೆ ತಿವಿದೆ. ಅವನು ಇನ್ನೂ ಬಗ್ಗಿದ. ಊರಿಗೆ ವಾಪಸು ನಡೆಯುವಾಗ ಅವನ ಜನ್ಮ ಜಾಲಾಡಿದೆ. ಅವನು ನನಗೇ ಬುದ್ಧಿ ಹೇಳಿದ: “ಅಲ್ಲ ಕಣ್ಲಾ, ಅಷ್ಟು ಬಾಯ್ತುಂಬ ಕೇಳ್ದಾಗ ಇಲ್ಲ ಅಂದ್ರೆ ಆವಯ್ಯಂಗೆ ಬೇಜಾರಾಗಾಕಿಲ್ವಾ?”

ಒಂದು ತಿಂಗಳಿಗೆ ಹುಕುಂ ಬಂತು. ‘ಸ್ಥಳದಲ್ಲಿ ವಿಚಾರಿಸಲಾಗಿ, ಅಂಬಿಗನೂ ಹರಿಗೋಲೂ ಸುಖವಾಗಿರುವುದು ತಿಳಿದುಬಂದಿದ್ದರಿಂದ ಅರ್ಜಿ ವಜಾ.’

ನಗುವ ಪೊಲೀಸು

ಎರಡನೆಯ ಅರ್ಜಿ ನೇರ ಬೋರ್ಡಿಗೆ; ಅದಕ್ಕೆ ಬಸುರಿಯ ಗಂಡನೆಂದು ಅಂಬಿಗನ ಅಳಿಯನ ಹೆಬ್ಬೆಟ್ಟೂ ಬೇಕಾಗಿ ಚನ್ನಪಟ್ಟಣಕ್ಕೆ ಹೋದೆ. ಅವನು ಹಾಲೆಮರದ ತುಂಡನ್ನು ಕಡೆದು, ಬಣ್ಣದ ಅರಗು ಮೆತ್ತಿ, ಕೇದಗೆ ಎಲೆಯಲ್ಲಿ ತಿಕ್ಕಿ ಹೊಳಪು ತರುವವನು. ಅವತ್ತು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಮುಂದೆ ಒಂದು ಬುಟ್ಟಿ ತುಂಬಾ ಪೊಲೀಸರು. ಎಲ್ಲರೂ ಹಲ್ಲು ಕಿರಿಯುತ್ತಿದ್ದರು.

“ಏನಪ್ಪಾ ಇದು?”

“ಸಾವ್ಕಾರ್ರು ಮಾಡಿದ್ದು ಕಣಣ್ಣ,” ಎಂದ. ಹಿಂದಿನ ತಿಂಗಳು ಗೊಂಬೆ ಕೊಳ್ಳುವ ಸಾಹುಕಾರರು ಬಂದಿದ್ದರಂತೆ. ಒಂದು ಹೆಂಗಸಿನ ಗೊಂಬೆ ಎತ್ತಿ, “ಇವಳ್ಯಾಕೆ ನಗುತ್ತಿಲ್ಲ?” ಎಂದರಂತೆ.

“ಊಟ ಮಾಡಿ ಕುಂತವಳೆ ಸ್ವಾಮಿ. ಒಟ್ಟೆ ತುಂಬೈತೆ, ನೆಮ್ಮದಿಯಾಗವಳೆ. ಅಲ್ಲು ಯಾಕ್ ಬುಡ್ಬೇಕು?”

“ಅದೆಲ್ಲಾ ಆಗದು. ದೂರದ ಊರಿಗೆ ಹೋಗುವ ಸರಕು. ನೋಡಿದವರಿಗೆ ನಮ್ಮ ಸೀಮೆಯ ಜನ ಆನಂದವಾಗಿದ್ದಾರೆ ಅನ್ನಿಸಬೇಕು. ಪ್ರತಿಯೊಂದಕ್ಕೂ ನಗು ಬರಿ.”

ಪ್ರತಿಯೊಂದಕ್ಕೂ ಬರೆದ. ಬೀಸುವ ಮುದುಕಿ ನಕ್ಕಳು. ಹೊರೆ ಹೊತ್ತವನು ನಕ್ಕ. ಹುಲಿ ನಕ್ಕಿತು, ಹುಲಿಯ ಬಾಯಲ್ಲಿದ್ದ ಆಡೂ ನಕ್ಕಿತು. ಎಲ್ಲಾ ಖರ್ಚಾಗಿ ಪೊಲೀಸಿನವರ ಬುಟ್ಟಿ ಮಾತ್ರ ಹಾಗೇ ವಾಪಸು ಬಂತು. ಕೊಂಡವರ ಮನೆಯ ಮಕ್ಕಳು ಇದನ್ನು ಪೊಲೀಸು ಎಂದು ಒಪ್ಪಲಿಲ್ಲವಂತೆ.

ಅಳಿಯ ಕುಂಚ ತೆಗೆದುಕೊಂಡು ಒಂದೊಂದೇ ನಗು ಅಳಿಸಿ ಮತ್ತೆ ಗಂಟುಮೂತಿ ಬರೆಯತೊಡಗಿದ. “ಉಲಿ ನಕ್ರೆ ಜನ ನಂಬ್ತಾರೆ ಕಣಣ್ಣ. ಪೋಲೀಸ್ನೋನು ನಕ್ರೆ ನಂಬಾಕಿಲ್ಲ.”

ಮಾಗಡಿಯ ಉಪನ್ಯಾಸ

ಎರಡನೆಯ ಅರ್ಜಿಗೆ ಉತ್ತರವೇ ಬರಲಿಲ್ಲ. ಬೋರ್ಡಿನ ಮೆಂಬರೊಬ್ಬರು ಮಾಗಡಿಯ ಛತ್ರದಲ್ಲಿ ಉಪನ್ಯಾಸ ಕೊಡುತ್ತಾರೆಂದು ತಿಳಿದು ಅಲ್ಲಿಗೇ ನಡೆದೆ. ವಿಷಯ: ‘ಸದಾ ಸಂತೋಷದಿಂದಿರುವ ಬಗೆ’. ನನ್ನ ಕರ್ಮ, ಪೂರ್ತಿ ಕೇಳಬೇಕಾಯಿತು.

ಎದ್ದ ಕೂಡಲೇ ಗಟ್ಟಿಯಾಗಿ ನಗಬೇಕಂತೆ. ಕೆಲಸ ಮಾಡುವಾಗ ನಗಬೇಕಂತೆ. ಸಂತೋಷವಿಲ್ಲದಿದ್ದರೂ ನಗಬೇಕಂತೆ, ಅದು ಹಿಂದಿನಿಂದ ಬರುತ್ತದಂತೆ. ಮುಂದಿನ ಸಾಲಿನಲ್ಲಿ ಸಾವನದುರ್ಗದ ಕಡೆಯ ರೈತನೊಬ್ಬ ಆಕಳಿಸಿದ. ಮೆಂಬರು ಅವನನ್ನೇ ಹಿಡಿದರು.

“ನಿನಗೆ ಸಂತೋಷ ಬೇಡವೇನಯ್ಯಾ?”

“ನೆಮ್ಮದಿಯಾಗಿವ್ನಿ ಸ್ವಾಮಿ. ರಾಗಿ ಐತೆ, ಒಂದು ಕರಾವಿನ ಅಸ ಐತೆ, ಮಲಗುದ್ರೆ ನಿದ್ದೆ ಬತ್ತದೆ. ಸಾಲ್ದಾ?”

“ಸಾಲದು! ನೆಮ್ಮದಿ ಎಂದರೆ ಸೋಮಾರಿಯ ಮಾತು. ನಿನ್ನ ಮುಖದಲ್ಲಿ ಉಲ್ಲಾಸವೇ ಇಲ್ಲ.”

“ಮೊಕ ಇರಾದೇ ಇಂಗೆ ಸ್ವಾಮಿ. ನಮ್ಮಪ್ಪಂದೂ ಇಂಗೇ ಇತ್ತು.”

ಆದರೂ ಪಾಪ, ದೊಡ್ಡವರ ಮಾತೆಂದು ಮಾರನೆಯ ಬೆಳಿಗ್ಗೆ ನೊಗ ಹೂಡಿ ಎತ್ತುಗಳ ಮುಂದೆ ನಿಂತು ಹಹಹಾ ಎಂದು ನಕ್ಕನಂತೆ. ಹುಟ್ಟಿದಾಗಿನಿಂದ ಆ ಸದ್ದು ಕೇಳದ ಎತ್ತುಗಳು ನೊಗದ ಸಮೇತ ಪಕ್ಕದವರ ಹುರುಳಿ ಹೊಲಕ್ಕೆ ನುಗ್ಗಿದವು. ಹೆಂಡತಿ ಬೇವಿನ ಸೊಪ್ಪು ಹಿಡಿದು ಅವನನ್ನು ಛತ್ರದವರೆಗೆ ಬಡಿಯುತ್ತಾ ತಂದಳು. ಹಿಂದಿನ ದಿನ ಮೆಂಬರು ಕೈಗೆ ಸಿಗದೆ, ಅವರು ತಂಗಿದ್ದ ಛತ್ರದಲ್ಲೇ ನಾನೂ ಉಳಿದಿದ್ದರಿಂದ ಅದನ್ನು ಕಣ್ಣಾರೆ ಕಂಡೆ. “ನಿನ್ನೆಗಂಟ ಚೆಂದಾಗಿದ್ದ ಸ್ವಾಮಿ. ನಿಮ್ ಬಾಸಣ ಕೇಳಿ ಬಂದ್ಮ್ಯಾಕೆ ಏನೋ ಮೆಟ್ಕಂಡೈತೆ. ನೀವೇ ಬುಡ್ಸಿ!”

ಆ ಗಲಾಟೆಯಲ್ಲೇ ನಾನು ಅರ್ಜಿ ಮುಂದೆ ಹಿಡಿದೆ. ಮೆಂಬರು ಓದಿ ನಸುನಕ್ಕರು. “ನೋಡಪ್ಪಾ, ಮನಸ್ಸು ಹಗುರವಾಗಿದ್ದರೆ ಹರಿಗೋಲು ಮುಳುಗುವುದಿಲ್ಲ.”

ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಬೆಲ್ಲ ತೂಗುವವನ ಕಣ್ಣಿಗೆ ಎಂಟು ಮಣಕ್ಕೆ ಕಡಿಮೆ ಕಾಣಲಿಲ್ಲ. ಮನಸ್ಸನ್ನು ಬಿಟ್ಟು ಅವರೊಬ್ಬರೇ ಕೂತರೂ ನಮ್ಮ ಹರಿಗೋಲು ತಳ ಕಾಣುತ್ತಿತ್ತು.

ದುಃಖದ ತಾಲೀಮು

ಅಷ್ಟರಲ್ಲಿ ಮಳೆ ಹಿಡಿಯಿತು. ಮಗಳು ಏಳು ತಿಂಗಳ ಬಸುರಿಯಾಗಿ ತೌರಿಗೆ ಬಂದಳು. ಅವಳು ದಾಟಿ ಬಂದ ವಾರವೇ ಹೊಳೆ ತುಂಬಿತು. ಅಮಲ್ದಾರರು ಮತ್ತೆ ಬರುತ್ತಾರೆ ಎಂದು ತಿಳಿಯಿತು. ಈ ಸಲ ಬಿಡಬಾರದೆಂದು ನಾನು ಊರವರನ್ನು ಜಗಲಿಯ ಮೇಲೆ ಕೂಡಿಸಿ ತಾಲೀಮು ಶುರುಮಾಡಿದೆ. ನಾನೇ ಅಮಲ್ದಾರ. ಮೊದಲು ಅಂಬಿಗನ ತಾಯಿ.

“ಏನಮ್ಮಾ, ಸುಖವೇ?”

“ಸುಕವಾಗಿಲ್ಲ ಬುದ್ದಿ, ಅರಿಗೋಲು ತೂತಾಗೈತೆ.”

“ಹಾಗಲ್ಲಜ್ಜಿ! ಕಣ್ಣಲ್ಲಿ ನೀರು ಬರಬೇಕು. ಎದೆ ಬಡಿದುಕೋ. ಬದುಕೇ ಸಾಕಾಗಿದೆ ಅನ್ನು.”

ಮುದುಕಿ ಎಲೆಯಡಿಕೆ ಒಂದು ಕಡೆ ಒತ್ತಿಕೊಂಡು ನನ್ನನ್ನು ದಿಟ್ಟಿಸಿದಳು. “ಯಾಕ್ಲಾ ಸಾಕಾಗ್ಬೇಕು? ಸೊಸೆ ಒತ್ತಿಗೆ ಸರಿಯಾಗಿ ಇಟ್ಟು ಆಕ್ತಾಳೆ. ಮೊಮ್ಮಗಳು ಬಸುರಿಯಾಗವಳೆ. ನಾನು ನೆಮ್ಮದಿಯಾಗೇ ಇವ್ನಿ. ತೂತಾಗಿರಾದು ಅರಿಗೋಲು ಕಣ್ಲಾ, ನಾನಲ್ಲ.”

ದೊಡ್ಡವರು ಬಂದು ನಗು ಎನ್ನುತ್ತಾರೆ, ನಾನು ಬಂದು ಅಳು ಎನ್ನುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ನಾನೂ ಹೇಳಿರಲಿಲ್ಲ. ಮುದುಕಿ ಅಷ್ಟಕ್ಕೇ ಬಿಡಲಿಲ್ಲ: “ನೀನು ಆ ಅಮಲ್ದಾರಂಗಿಂತ ಕಡೆ. ಆವಯ್ಯ ಕುರ್ಚಿನಾದ್ರೂ ತತ್ತಾನೆ.”

ನಡುಹೊಳೆ

ಅಮಲ್ದಾರರು ಬಂದರು, ಆದರೆ ನಿಲ್ಲಲಿಲ್ಲ. ಆಚೆ ದಡದಲ್ಲಿ ಅವರ ಮೇಲಿನ ದೊಡ್ಡ ಸಾಹೇಬರು ಡೇರೆ ಹಾಕಿದ್ದರು. ಇವರು ತಕ್ಷಣ ಹೋಗಿ ಕಾಣಬೇಕಿತ್ತು. “ಹರಿಗೋಲು ತಾ” ಎಂದರು. ಅಂಬಿಗ ತಂದ.

ದಡದಿಂದ ಅವನ ತಾಯಿ ಕೂಗಿದಳು: “ತೂತಾಗೈತೆ ಬುದ್ದೀ!”

ಜವಾನ ಗದರಿದ: “ಸಾಹೇಬರು ಹೊರಟಾಗ ಅಪಶಕುನ ನುಡೀಬೇಡ ಮುದುಕಿ. ನಗ್ತಾ ಕಳಿಸು.”

ಅಮಲ್ದಾರರು ಹೊಸ ಮೆಟ್ಟು, ಜರಿ ರುಮಾಲು ಸಮೇತ ನಡುವೆ ಕೂತರು. ಜವಾನ ದಡದಲ್ಲೇ ಉಳಿದ, ಜಾಣ. ನೀರು ತೋಡಿ ಚೆಲ್ಲಲು ನಾನು ಚೊಂಬು ಹಿಡಿದು ಹತ್ತಿದೆ. ಕಾಲು ಭಾಗ ಹೊಳೆ ದಾಟಿರಬೇಕು.

“ಏನೋ, ಕಾಲು ತಣ್ಣಗಾಗುತ್ತಿದೆಯಲ್ಲ?”

“ಒಸಿ ತಂಪೈತೆ ಬುದ್ದಿ,” ಎಂದ ಅಂಬಿಗ, ಹುಟ್ಟು ಹಾಕುತ್ತಾ.

“ನೀರು ಒಳಗೆ ಬರುತ್ತಿದೆಯಲ್ಲೋ!”

“ಬತ್ತಾ ಐತೆ ಬುದ್ದಿ. ತಮ್ ದಯ.”

ನಾನು ಚೊಂಬಿನಿಂದ ಚೆಲ್ಲುತ್ತಾ ಕಿರುಚಿದೆ: “ಬುದ್ಧಿ, ಮೂರು ತೂತು! ಎರಡು ಅರ್ಜಿ ಕೊಟ್ಟಿದ್ದೇವೆ!”

“ಅರ್ಜಿ ಆಮೇಲೆ! ಅಂಬಿಗಾ, ಮುಳುಗುತ್ತೇವೇನೋ?”

“ತಾವಿರೋವಾಗ ನಮಗೇನ್ ಕಮ್ಮಿ ಬುದ್ದಿ?”

ದಡಕ್ಕೆ ಇನ್ನು ಹತ್ತು ಮಾರು ಇರುವಾಗ ತೊಗಲು ಬಾಯಿ ಬಿಟ್ಟಿತು. ಪುಣ್ಯಕ್ಕೆ ಅಲ್ಲಿ ಸೊಂಟದುದ್ದ ನೀರು. ಮೂವರೂ ಎದ್ದು ನಡೆದೆವು. ಅಮಲ್ದಾರರ ಒಂದು ಮೆಟ್ಟು ಹೊಳೆಯ ಜೊತೆ ಕೆಳಗೆ ಕಾನಕಾನಹಳ್ಳಿಯ ದಾರಿ ಹಿಡಿಯಿತು. ಬಿಚ್ಚಿದ ರುಮಾಲು ಹಿಂದಿನಿಂದ ಬಾಲದಂತೆ ತೇಲುತ್ತಿತ್ತು. ನನಗೆ ಒಳಗೊಳಗೇ ಖುಷಿ. ಇನ್ನು ತೊಗಲು ಬಂದ ಹಾಗೆಯೇ. ತೂತು ಯಾರಿಗೆ ಗೊತ್ತಾಗಬೇಕೋ ಅವರಿಗೇ ಗೊತ್ತಾಯಿತು.

ದಡದಲ್ಲಿ ದೊಡ್ಡ ಸಾಹೇಬರು ನಿಂತಿದ್ದರು. “ಬನ್ನಿ ಅಮಲ್ದಾರರೇ. ಪ್ರಯಾಣ ಸುಖವಾಯಿತೇ?”

ಅಮಲ್ದಾರರು ಬಾಯಿಗೆ ಬಂದ ನೀರು ನುಂಗಿ, ಬರಿಗಾಲನ್ನು ಮೆಟ್ಟಿದ್ದ ಕಾಲಿನ ಹಿಂದೆ ಮುಚ್ಚಿಟ್ಟು, ಎರಡೂ ಕೈ ಜೋಡಿಸಿದರು.

“ತಮ್ಮ ದಯೆ. ಬಹಳ ಸುಖವಾಗಿ ಬಂದೆ.”

ದೊಡ್ಡ ಸಾಹೇಬರು ತಲೆಯಾಡಿಸಿ ಡೇರೆಯೊಳಗೆ ಹೋದರು. ಅಂಬಿಗ ಒದ್ದೆ ಮೊಣಕೈಯಿಂದ ನನ್ನನ್ನು ತಿವಿದ. ಇಷ್ಟು ದಿನ ಬೈಸಿಕೊಂಡದ್ದಕ್ಕೆ ನ್ಯಾಯ ಸಿಕ್ಕಿದವನ ಮುಖ.

“ನೋಡ್ದೇನ್ಲಾ? ಸುಮ್ಕೆ ನನ್ನ ಬಯ್ತಿದ್ದೆ. ದೊಡ್ಡೋರೂ ಅಂಗೇ ಅಂತಾರೆ!”

ಹರಿದ ತೊಗಲಿನ ಮೇಲೆ ಹರಿದ ಗೋಣಿ ಕಟ್ಟಿ ಹರಿಗೋಲನ್ನು ಮತ್ತೆ ನೀರಿಗೆ ಬಿಟ್ಟಿದ್ದೇವೆ, ತಪ್ಪಾದರೆ ಆಗಲಿ. ಅಂಬಿಗನ ಮಗಳಿಗೆ ದಿನ ತುಂಬುತ್ತಾ ಬಂತು. ನೋವು ಶುರುವಾದರೆ ಅವಳನ್ನು ಅದರಲ್ಲೇ ಕೂರಿಸಬೇಕು. ನಡುಹೊಳೆಯಲ್ಲಿ ಅವಳಿಗೆ ಸೊಂಟದುದ್ದ ನೀರು ಸಿಗುವುದಿಲ್ಲ.

ದೊಡ್ಡ ಸಾಹೇಬರು ಶುಕ್ರವಾರದ ಸಂತೆಯ ದಿನ ಜನರನ್ನು ಕಾಣುತ್ತಾರೆ. ಈಚೆ ದಡದವರೆಲ್ಲಾ ಬನ್ನಿ. ನಾಲ್ಕು ನಾಲ್ಕು ಜನವಾಗಿ ಅದೇ ಹರಿಗೋಲಿನಲ್ಲಿ ದಾಟಿ. ಒದ್ದೆಯಾಗುತ್ತೀರಿ. ಬಟ್ಟೆ ಹಿಂಡಬೇಡಿ, ಬಿಸಿಲಿಗೆ ನಿಲ್ಲಬೇಡಿ, ನೀರು ಸೋರುತ್ತಿರುವ ಹಾಗೆಯೇ ನೇರ ಡೇರೆಯ ಮುಂದೆ ಹೋಗಿ ಸಾಲಾಗಿ ನಿಲ್ಲಿ. ನೆಮ್ಮದಿಯಾಗಿದ್ದರೆ ನೆಮ್ಮದಿಯಾಗಿಯೇ ನಿಲ್ಲಿ, ಅಳಬೇಕೆಂದು ನಾನಿನ್ನು ಕೇಳುವುದಿಲ್ಲ. ಅವರು ‘ಎಲ್ಲಾ ಸುಖವೇ?’ ಎಂದ ಕೂಡಲೇ ನಾಲಿಗೆ ಕಚ್ಚಿ ಹಿಡಿದುಕೊಳ್ಳಿ. ಆಮೇಲೆ ಬಿಟ್ಟು, ಎಲ್ಲರೂ ಒಂದೇ ಸಲ, ಈಚೆ ದಡಕ್ಕೂ ಕೇಳಿಸುವ ಹಾಗೆ ಹೇಳಿ: ಹರಿಗೋಲು ತೂತಾಗಿದೆ.