ಸಾಹೇಬರು ಚಾರ್ಜ್ ತಗೊಳ್ತಾರೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಫೋನಿನಲ್ಲಿ ಬಂದ ಒಂದೇ ಒಂದು ಮಾತು.

"ನಾಳೆ ಹನ್ನೆರಡಕ್ಕೆ ಹೊಸ ಸಾಹೇಬರು ಚಾರ್ಜ್ ತಗೊಳ್ತಾರೆ. ಅಷ್ಟರೊಳಗೆ ನಿಮ್ಮದೆಲ್ಲ ರೆಡಿ ಇರ್ಲಿ" ಎಂದು ಸಹಾಯಧನದ ಕಚೇರಿಯ ಗುಮಾಸ್ತ ಹೇಳಿ ಫೋನಿಟ್ಟಿದ್ದ.

ಗಡಿಯಾರ ರಿಪೇರಿಯವನ ತಲೆಯಲ್ಲಿ ಆಗ ಇದ್ದದ್ದು ಒಂದೇ ಚಾರ್ಜು. ತನ್ನ ಅಂಗಡಿಯ ಮುಂದೆ ಅವನು ವಿದ್ಯುತ್ ವಾಹನಗಳಿಗೆ ಚಾರ್ಜ್ ಮಾಡುವ ಕಂಬ ನೆಟ್ಟಿದ್ದ. ಅರ್ಧ ಖರ್ಚು ಅವನದು, ಉಳಿದರ್ಧ ಇನ್ನೂ ಮಂಜೂರಾಗಬೇಕಿದ್ದ ಸರ್ಕಾರದ ಸಹಾಯಧನ. ಜನ ಹೊತ್ತು ನೋಡಲು ಫೋನು ತೆಗೆಯುವ ಈ ಕಾಲದಲ್ಲಿ ಗಡಿಯಾರದವನನ್ನು ಕೇಳುವವರು ಯಾರು? ಆದರೆ ಗಾಡಿ ಚಾರ್ಜಿಗೆ ಹಾಕಿದವನು ಒಂದು ತಾಸು ಸುಮ್ಮನೆ ಕೂರಬೇಕು. ಸುಮ್ಮನೆ ಕೂತವನಿಗೆ ಮನೆಯಲ್ಲಿ ನಿಂತುಹೋದ ಗಡಿಯಾರ ನೆನಪಾಗದೆ ಇರುತ್ತದೆಯೇ? ಇದು ಅವನ ಲೆಕ್ಕಾಚಾರ. ಸಹಾಯಧನ ಕೈತಪ್ಪಿದರೆ ಮಾತ್ರ ಅಂಗಡಿಯ ಅರ್ಧ ಭಾಗವನ್ನು ಪಕ್ಕದ ಕ್ಷೌರಿಕನಿಗೆ ಬಿಟ್ಟುಕೊಡದೆ ಗತಿಯಿರಲಿಲ್ಲ. ಕ್ಷೌರಿಕ ಎರಡನೆಯ ಕುರ್ಚಿ ಹಾಕಲು ಜಾಗಕ್ಕಾಗಿ ವರ್ಷದಿಂದ ಕಣ್ಣಿಟ್ಟಿದ್ದ.

"ಸಾಹೇಬರೇ ಬಂದು ನಮ್ಮ ಕಂಬದಲ್ಲಿ ಚಾರ್ಜ್ ತಗೊಳ್ತಾರಂತೆ ಕಣೇ" ಎಂದು ಅವನು ಹೆಂಡತಿಗೆ ಹೇಳಿದ. ಅವಳು ಬೆಳಿಗ್ಗೆ ಎದ್ದು ಕಂಬಕ್ಕೆ ಸ್ನಾನವನ್ನೇ ಮಾಡಿಸಿದಳು.

ಸುದ್ದಿ ಬೀದಿಗೆ ಹಬ್ಬಿತು. ಮೊದಲು ಬಂದವರು ನಿವೃತ್ತ ಗುಮಾಸ್ತರಾದ ಕಲಂ ಅಜ್ಜ. ಮಾತಿಗೊಂದು ಸರ್ಕಾರಿ ನಿಯಮದ ಕಲಂ ಉದ್ಧರಿಸುತ್ತಿದ್ದುದರಿಂದ ಅವರಿಗೆ ಆ ಹೆಸರು ಬಿದ್ದಿತ್ತು.

"ಒಂದ್ಸಲ ಪರೀಕ್ಷೆ ಮಾಡಿ ನೋಡಿದ್ಯೇನೋ?"

"ಇಲ್ಲ ಅಜ್ಜ."

"ಸಾಹೇಬರ ಗಾಡಿ ಸಿಕ್ಕಿಸಿದಾಗ ಕಂಬ ಕೈಕೊಟ್ರೆ?"

ತಕ್ಷಣ ಭಾವಮೈದನಿಗೆ ಫೋನು ಹೋಯಿತು. ಅವನು ತನ್ನ ವಿದ್ಯುತ್ ಸ್ಕೂಟರಿನಲ್ಲಿ ಮದುಮಗನಂತೆ ಬಂದಿಳಿದ. ವೈರು ಸಿಕ್ಕಿಸಿದರೆ ಕಂಬ ಉಸಿರೆತ್ತಲಿಲ್ಲ. ಬ್ಯಾಟರಿ ತುಂಬಿ ತುಳುಕುತ್ತಿತ್ತು.

"ಅಕ್ಕನ ಮನೆಗೆ ಹಸಿದ ಗಾಡಿ ತರೋಕಾಗುತ್ತಾ ಭಾವ? ತುಂಬಿಸ್ಕೊಂಡೇ ಬಂದೆ!"

"ಹೊಟ್ಟೆ ತುಂಬಿದವರಿಗೆ ಊಟ ಬಡಿಸೋದು ಹೇಗೆ?" ಎಂದರು ಕಲಂ ಅಜ್ಜ. "ಮೊದಲು ಕರಗಿಸಿ!"

ಕರಗಿಸುವ ಕಾರ್ಯ ಶುರುವಾಯಿತು. ಕ್ಷೌರಿಕ ಗಿರಾಕಿಯ ಕೆನ್ನೆಯ ಮೇಲೆ ಸೋಪಿನ ನೊರೆ ಬಿಟ್ಟು ಬಂದು ಸ್ಕೂಟರಿನಲ್ಲಿ ಏಳು ಸುತ್ತು ಹೊಡೆದ. ಕಲಂ ಅಜ್ಜ ಉಸ್ತುವಾರಿಗೆಂದು ಹಿಂದೆ ಕೂತರು. ಹೆಂಡತಿ ತಮ್ಮನ ಹಿಂದೆ ಕೂತು, ಬೇಡದ ಸಾಮಾನಿಗಾಗಿ ಎರಡು ಸಲ ಪೇಟೆಗೆ ಹೋಗಿಬಂದಳು. ಸುಡುಬಿಸಿಲಲ್ಲಿ ಸ್ಕೂಟರಿನ ದೀಪ ಉರಿಯಿತು.

"ಹಾರ್ನೂ ಒತ್ತಿ, ಅದೂ ಕರೆಂಟೇ!" ಎಂದು ಅಜ್ಜ ಕೂಗಿದರು.

ಬ್ಯಾಟರಿಯೋ, ಹೊರಟೆ ಹೊರಟೆ ಎನ್ನುತ್ತಲೇ ಹೊಸಿಲಲ್ಲಿ ನಿಂತು ಹರಟುವ ನೆಂಟನಂತೆ ಹೊರಡಲೇ ಒಲ್ಲದು. ಕೊನೆಗೆ ಬೀದಿಯ ತಿರುವಿನಲ್ಲಿ ಸ್ಕೂಟರು ನಿಟ್ಟುಸಿರಿಟ್ಟು ನಿಂತಿತು. ಕ್ಷೌರಿಕ, ಭಾವಮೈದ ಇಬ್ಬರೂ ಯುದ್ಧ ಗೆದ್ದವರಂತೆ ಅದನ್ನು ತಳ್ಳಿಕೊಂಡು ಬಂದರು.

ಆಗ ಫೋನು ಬಡಿದುಕೊಂಡಿತು.

"ಎಲ್ಲಿದ್ದೀರಿ ಸ್ವಾಮಿ?" ಗುಮಾಸ್ತ ಹಲ್ಲುಕಚ್ಚಿ ಪಿಸುಗುಟ್ಟಿದ. "ಹಳೇ ಸಾಹೇಬರು ನಿಮ್ಮ ಫೈಲು ಮುಂದಿಟ್ಕೊಂಡು ಕೂತಿದಾರೆ. ಮೂಲ ಕಾಗದ ತಂದ್ರೆ ಸಹಿ ಹಾಕ್ತಾರೆ. ಹನ್ನೆರಡು ದಾಟಿದ್ರೆ ಹೊಸಬರು ಚಾರ್ಜ್ ತಗೊಂಡುಬಿಡ್ತಾರೆ, ಆಮೇಲೆ ಎಲ್ಲಾ ಮೊದಲಿಂದ!"

"ಅವರು ಚಾರ್ಜಿಗೆ ಇಲ್ಲಿಗಲ್ವಾ ಬರೋದು?"

"ಕುರ್ಚಿಯ ಚಾರ್ಜು ರೀ! ಕುರ್ಚಿಯದು!"

ಗಡಿಯಾರದವನು ಅಂಗಡಿಯೊಳಕ್ಕೆ ನುಗ್ಗಿ ಗೋಡೆ ನೋಡಿದ. ನಲವತ್ತು ಗಡಿಯಾರಗಳು ನಲವತ್ತು ಹೊತ್ತು ತೋರಿಸುತ್ತಿದ್ದವು.

"ಈಗ ಗಂಟೆ ಎಷ್ಟು? ಯಾರಾದ್ರೂ ಹೇಳ್ರೋ!"

ಕ್ಷೌರಿಕ ತನ್ನ ಫೋನು ನೋಡಿ ಹೇಳಿದ: "ಹನ್ನೊಂದೂ ಹತ್ತು, ಅಣ್ಣಾ."

ಕಚೇರಿ ಊರಿನ ಇನ್ನೊಂದು ತುದಿಯಲ್ಲಿತ್ತು. "ಬಾಡಿಗೆ ಗಾಡಿ ಕರೀರಿ" ಎಂದಳು ಹೆಂಡತಿ. ಕಲಂ ಅಜ್ಜ ಕೈ ಅಡ್ಡ ಹಿಡಿದರು. "ಮನೆ ಮುಂದೆ ಕಂಬ ಇಟ್ಕೊಂಡು ಬಾಡಿಗೆ ಗಾಡೀಲಿ ಹೋಗ್ತಾನಾ? ಬೀದಿ ಮಾನ ಏನಾಗ್ಬೇಕು? ಸಿಕ್ಸೋ ವೈರು!"

ವೈರು ಸಿಕ್ಕಿಸಿದರು. ಕಂಬದ ನೆತ್ತಿಯಲ್ಲಿ ಹಸಿರು ದೀಪ ಹತ್ತಿತು. ಗಡಿಯಾರದವನು ತನಗರಿವಿಲ್ಲದೆ ಕೈ ಮುಗಿದ. ಆಮೇಲೆ ಎಲ್ಲರೂ ಸೇರಿ ಎಣಿಸತೊಡಗಿದರು. "ಮೂರು... ನಾಲ್ಕು..." ಕ್ಷೌರಿಕನ ಗಿರಾಕಿ ಅರ್ಧ ಗಡ್ಡದಲ್ಲೇ ಬಂದು ದನಿಗೂಡಿಸಿದ. ಇಪ್ಪತ್ತು ನಿಮಿಷಕ್ಕೆ ಹನ್ನೆರಡು ಪರ್ಸೆಂಟ್ ಆಯಿತು.

"ಸಾಕು, ಹೊರಡಿ ಭಾವ! ಏರು ಬಂದ್ರೆ ಇಳಿದು ತಳ್ಳಿ!"

ದೇವರು ದೊಡ್ಡವನು. ದಾರಿಯ ಸಿಗ್ನಲುಗಳೆಲ್ಲ ಹಸಿರಾಗಿ ನಿಂತವು. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಅವನು ಸಾಹೇಬರ ಮೇಜಿನ ಮುಂದಿದ್ದ. ಹಳೆಯ ಸಾಹೇಬರು ಸಾಧು ಮನುಷ್ಯ. ಕಾಗದಗಳನ್ನು ತಿರುವಿ, ತಲೆದೂಗಿ, ಪೆನ್ನಿನ ಮುಚ್ಚಳ ತೆಗೆದರು. ಪೆನ್ನಿನ ಮೂತಿ ಕಾಗದಕ್ಕೆ ತಾಗುವುದರಲ್ಲಿತ್ತು.

"ಅಷ್ಟು ದೂರದಿಂದ ಇಷ್ಟು ಬೇಗ ಹೇಗೆ ಬಂದ್ರಿ?" ಎಂದರು ಅಕ್ಕರೆಯಿಂದ.

ಗಡಿಯಾರದವನ ಎದೆ ಉಬ್ಬಿತು. "ನಮ್ಮ ಕಂಬದಲ್ಲೇ ಚಾರ್ಜ್ ಮಾಡ್ಕೊಂಡು ಬಂದೆ, ಸಾರ್!"

ಸಾಹೇಬರ ಹಿಂದೆ ನಿಂತಿದ್ದ ಗುಮಾಸ್ತ ಕಣ್ಣರಳಿಸಿ, ತಲೆ ಕೊಡವಿ, ಕೈ ಬೀಸತೊಡಗಿದ. ಪಾಪ, ನೊಣದ ಕಾಟವಿರಬೇಕು ಎಂದುಕೊಂಡ ಗಡಿಯಾರದವನು ಮುಂದುವರಿದ. "ಬೊಂಬಾಟಾಗಿ ಕೆಲಸ ಮಾಡುತ್ತೆ ಸಾರ್. ಇಡೀ ಬೀದಿಯೇ ಸಾಕ್ಷಿ!"

ಪೆನ್ನು ಗಾಳಿಯಲ್ಲೇ ನಿಂತಿತು.

"ಅಂದ್ರೆ... ಚಾಲೂ ಮಾಡಿಬಿಟ್ರಾ?" ಸಾಹೇಬರ ದನಿಯಲ್ಲಿ ನಿಜವಾದ ನೋವಿತ್ತು. "ಕಲಂ ಏಳು ಓದ್ಲಿಲ್ವಾ? ಮಂಜೂರಾತಿಗೆ ಮುಂಚೆ ಚಾಲೂ ಆದ ಕೇಂದ್ರಕ್ಕೆ ಸಹಾಯಧನ ಇಲ್ಲ."

"ಇಪ್ಪತ್ತೇ ನಿಮಿಷ ಸಾರ್!"

"ಕೂಸು ಹುಟ್ಟಿ ಇಪ್ಪತ್ತು ನಿಮಿಷ ಆಗಿದ್ರೂ ಹುಟ್ಟಿದ್ದು ಹುಟ್ಟಿದ್ದೇ ಅಲ್ವಾ? ನೀವು ಹೇಳ್ದೆ ಇದ್ದಿದ್ರೆ ಸಹಿ ಹಾಕಿಬಿಡ್ತಿದ್ದೆ. ಈಗ ಕಿವಿಗೆ ಬಿತ್ತಲ್ಲಪ್ಪ." ಸಾಹೇಬರು ಪೆನ್ನನ್ನು ಅವನ ಕೈಗೇ ಕೊಟ್ಟು, ಬೇರೊಂದು ಕಾಗದ ಮುಂದೆ ಸರಿಸಿದರು.

ಬೀದಿ ಕಾದು ನಿಂತಿತ್ತು. ಸ್ಕೂಟರು ತಳ್ಳಿಕೊಂಡು ಬರುತ್ತಿದ್ದವನಿಗೆ ಹೆಂಡತಿ ಎದುರಾಗಿ ಓಡಿದಳು.

"ರೀ, ಸಹಿ ಆಯ್ತಾ?"

"ಆಯ್ತು."

ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೂ ಕಾದು ಅವನು ಮಾತು ಮುಗಿಸಿದ. "ನಂದು. ಅರ್ಜಿ ಸ್ವಂತ ಖುಷಿಯಿಂದ ವಾಪಸ್ ತಗೊಂಡಿದೀನಿ ಅಂತ."

"ಕಲಂ ಏಳು ತಾನೇ?" ಎಂದರು ಅಜ್ಜ. "ನಂಗೆ ಗೊತ್ತಿತ್ತು."

"ಮತ್ತೆ ಹೇಳ್ಬಾರದಾಗಿತ್ತಾ ಅಜ್ಜ?"

"ನೀನೆಲ್ಲಿ ಕೇಳ್ದೆ?"

ಕ್ಷೌರಿಕ ಮರುಕದಿಂದ ಗಡಿಯಾರದವನ ಬೆನ್ನು ಸವರಿದ, ಒಳಗೆ ಕೂರಿಸಿದ, ಕುಡಿಯಲು ನೀರು ಕೊಟ್ಟ. ಅವನು ಕುಡಿದು ಮುಗಿಸುವವರೆಗೆ ತಾಳ್ಮೆಯಿಂದ ನಿಂತಿದ್ದು, ಆಮೇಲೆ ಜೇಬಿಗೆ ಕೈಹಾಕಿದ.

"ಬೇಜಾರು ಮಾಡ್ಕೋಬೇಡ ಅಣ್ಣಾ. ಈ ಅಳತೆ ಟೇಪಿನ ತುದಿ ಸ್ವಲ್ಪ ಆ ಗೋಡೆಗೆ ಹಿಡ್ಕೋತೀಯಾ?"

ಗಡಿಯಾರದವನು ಎದ್ದು ಹಿಡಿದುಕೊಂಡ.