ಮೂಲ ಪ್ರತಿ ನೋಡಿದ್ದೇನೆ

ಸುಜಯೀಂದ್ರನ ಕಷ್ಟ ಶುರುವಾದದ್ದು ಒಂದು ರಬ್ಬರ್ ಮೊಹರಿನಿಂದ.

ಅಂತರ್ಜಲ ಇಲಾಖೆಯಲ್ಲಿ ಬಡ್ತಿ ಸಿಕ್ಕಿ ಅವನು ಗೆಜೆಟೆಡ್ ಅಧಿಕಾರಿಯಾಗಿ ಮೂರು ವಾರವಾಗಿತ್ತು. ನೆಲದಡಿ ನೀರೆಲ್ಲಿದೆ ಎಂದು ಕಲಬುರಗಿಯ ಗಾಜಿಪುರದ ಅವನ ಓಣಿಯಲ್ಲಿ ಈವರೆಗೆ ಯಾರೂ ಅವನನ್ನು ಕೇಳಿದ್ದಿಲ್ಲ. ಮೊಹರು ಬಂದಿದ್ದೇ ತಡ, ಝೆರಾಕ್ಸ್ ಹಿಡಿದವರು ಹಾಲಿನವನಿಗಿಂತ ಮೊದಲೇ ಬರತೊಡಗಿದರು. ಅವನು ‘ಮೂಲ ಪ್ರತಿ ನೋಡಿದ್ದೇನೆ’ ಎಂದು ಹಸಿರು ಶಾಯಿಯಲ್ಲಿ ಬರೆದು, ಸಹಿ ಹಾಕಿ, ಸೊಳ್ಳೆ ಹೊಡೆಯುವವನ ಉತ್ಸಾಹದಲ್ಲಿ ಮೊಹರು ಬಡಿಯುತ್ತಿದ್ದ. ನೆರೆಯವರಿಗೆ ಮೂಲ ಪ್ರತಿ ತೋರಿಸಿ ಎನ್ನುವುದು ಅವನಿಗೆ, ಊಟಕ್ಕೆ ಕರೆದವರ ಮನೆಯಲ್ಲಿ ಅಕ್ಕಿ ತೊಳೆದಿದ್ದೀರಾ ಎಂದು ಕೇಳಿದಷ್ಟು ಸಂಕೋಚದ ಮಾತು.

ಓಣಿಯ ಹುಡುಗಿಯರ ಖೋ ಖೋ ತಂಡ ಹೋದ ವಾರ ಹದಿನಾಲ್ಕು ವರ್ಷದೊಳಗಿನವರ ಪಂದ್ಯಕ್ಕೆ ಹೆಸರು ಕೊಟ್ಟಿತ್ತು. ಹನ್ನೆರಡೂ ಹುಡುಗಿಯರ ಜನನ ಪ್ರಮಾಣಪತ್ರದ ಝೆರಾಕ್ಸಿನ ಮೇಲೆ ಅವನದೇ ಸಹಿ.

ಇಂದು ಬೆಳಿಗ್ಗೆ ಎಂಟಕ್ಕೆ ಎದುರು ಮನೆಯ ಶಿವಕಾಂತಮ್ಮ ಮಗಳು ಪ್ರೀತಿಯ ಕೈ ಹಿಡಿದುಕೊಂಡು ನೇರವಾಗಿ ಒಳಗೇ ಬಂದರು.

“ಸಾಹೇಬ್ರೇ, ಏನ್ ಶಿಕ್ಕಾ ಹೊಡ್ದೀರ್ರಿ ಇದು? ಹುಟ್ಟಿದ ತಾರೀಖಿನ ಮ್ಯಾಲೇ ಕುಂತದ! ಹುಡುಗಿ ಯಾವ ವರ್ಷ ಹುಟ್ಟ್ಯಾಳ ಅಂತ ಕಾಣವಲ್ದು ಅಂತ ನಿನ್ನಿ ಮೈದಾನದಾಗ ವಾಪಸ್ ಕೊಟ್ಟಾರ. ಇವತ್ತ ಸಂಜಿ ನಾಲ್ಕರೊಳಗ ಒರಿಜಿನಲ್ ತರಬೇಕು, ಇಲ್ಲಾ ಸರ್ಟಿಫೈಡ್ ಕಾಪಿ ತರಬೇಕು. ಇಲ್ಲಂದ್ರ ಹೆಸರು ಹೊಡೀತಾರಂತ.”

ಪ್ರೀತಿಯ ಕಣ್ಣು ತುಂಬಿತ್ತು. ತಂಡದಲ್ಲಿ ಅವಳಷ್ಟು ಜೋರಾಗಿ ಓಡುವವರು ಬೇರೆ ಇರಲಿಲ್ಲ.

“ಅದಕ್ಕೇನ್ರಿ ಅಕ್ಕಾ, ಒರಿಜಿನಲ್ ಕೊಟ್ಬಿಡ್ರಿ,” ಎಂದ ಸುಜಯೀಂದ್ರ.

ಶಿವಕಾಂತಮ್ಮ ದನಿ ತಗ್ಗಿಸಿದರು. “ಕಾಗದ ದಪ್ಪ ಇತ್ರಿ. ಹ್ವಾದ ವರ್ಷ ಉಪ್ಪಿನಕಾಯಿ ಭರಣಿ ಬಾಯಿಗಿ ಕಟ್ಟಿದ್ದೆ. ಈಗ ಅದರಾಗ ಎಣ್ಣಿ ಬಿಟ್ರ ಏನೂ ಕಾಣಂಗಿಲ್ಲ.”

“ಮತ್ತ ನೀವು ಒರಿಜಿನಲ್ ನೋಡೀನಿ ಅಂತ ಬರದೀರಲ್ರೀ?” ಅಡುಗೆಮನೆಯಿಂದ ಹೆಂಡತಿ ಮಂಜುಷಾಳ ದನಿ ಬಂತು. “ಭರಣೀನೇ ತರಿಸಿ ನೋಡಿದ್ರೇನು?”

ಸುಜಯೀಂದ್ರ ಚಪ್ಪಲಿ ಮೆಟ್ಟಿದ. ಪ್ರೀತಿ ಹುಟ್ಟಿದ್ದು ತಾಯಿಯ ತವರು ಕಮಲಾಪುರದಲ್ಲಿ. ಹೆಸರು ಬರೆದಿಟ್ಟ ಪುಸ್ತಕವೂ ಅಲ್ಲಿಯ ನೋಂದಣಿ ಕಚೇರಿಯಲ್ಲೇ ಇತ್ತು. ಶಿವಕಾಂತಮ್ಮ ಒಪ್ಪಿಗೆಯ ಚೀಟಿ ಬರೆದುಕೊಟ್ಟರು. “ನಾ ಹುಡುಗಿ ಸಂಗಟ ಮೈದಾನದಾಗ ಇರ್ತೀನ್ರಿ. ಶಿಕ್ಕಾ ನಿಮ್ದು, ಬಸ್ಸೂ ನಿಮ್ದು.”

ಕಮಲಾಪುರದ ಕಚೇರಿಯಲ್ಲಿ ಗುಮಾಸ್ತ ಇಮಾಮುದ್ದೀನ್ ಅರ್ಜಿಯನ್ನು ಎರಡು ಸಲ ಓದಿದರು.

“ಹುಡುಗಿಗಿ ನೀವೇನಾಗಬೇಕ್ರಿ?”

“ಎದುರು ಮನಿಯವರು.”

“ಹಂಗಾದ್ರ ನಿಮ್ಮ ಆಧಾರ್ ಝೆರಾಕ್ಸ್ ಮ್ಯಾಲೆ ಗೆಜೆಟೆಡ್ ಆಫೀಸರ್ ಸಹಿ ಬೇಕು.”

ಸುಜಯೀಂದ್ರನ ಮುಖ ದೀಪಾವಳಿಯಾಯಿತು. ಜೇಬಿನಿಂದ ಹಸಿರು ಪೆನ್ನು ತೆಗೆದ. “ನಾನೇ ಗೆಜೆಟೆಡ್ ಆಫೀಸರ್ ಇದ್ದೀನ್ರಿ!”

“ಪರೀಕ್ಷಾ ಬರದವರೇ ಪೇಪರ್ ತಿದ್ತಾರೇನ್ರಿ ಸಾಬ್? ಪೆನ್ ಒಳಗಿಡ್ರಿ. ಹಿಂದ್ಗಡೆ ದನದ ದವಾಖಾನಿ ಅದ, ದೌಲಪ್ಪ ಡಾಕ್ಟರ್ ಗೆಜೆಟೆಡ್ ಅದಾರ. ಹೋಗ್ರಿ.”

ದೌಲಪ್ಪ ಡಾಕ್ಟರು ಸೂಜಿ ಹಿಡಿದು ಒಂದು ಎಮ್ಮೆಯ ಹಿಂದೆ ನಿಂತಿದ್ದರು. ಬಂದವರ ಮುಖ ನೋಡದೆಯೇ, “ಬಂದ್ರ್ಯಾ? ಹಗ್ಗ ಹಿಡ್ರಿ!” ಎಂದರು. ಸುಜಯೀಂದ್ರ ಹಗ್ಗ ಹಿಡಿದ. ಸೂಜಿ ಚುಚ್ಚಿದ ಕೂಡಲೆ ಎಮ್ಮೆ ಅವನಿಗೆ ಇಡೀ ದವಾಖಾನೆಯನ್ನು ಎರಡು ಸಲ ತೋರಿಸಿತು. ಮೂರನೆಯ ಸುತ್ತಿಗೆ ಮೊದಲು ಅವನ ಒಂದು ಚಪ್ಪಲಿ ಎಮ್ಮೆಯ ಕಾಲಡಿ ಉಳಿಯಿತು.

ಡಾಕ್ಟರು ಕೈ ತೊಳೆದುಕೊಂಡು ಕುಳಿತರು. “ಒರಿಜಿನಲ್ ಆಧಾರ್ ತೋರಸ್ರಿ.”

“ನಾನೇ ಎದುರಿಗೆ ನಿಂತೀನಲ್ರಿ ಡಾಕ್ಟ್ರೇ!”

“ಎಮ್ಮೀನೂ ಎದುರಿಗೇ ನಿಂತದ. ಕಿವ್ಯಾಗಿನ ನಂಬರ್ ಬಿಲ್ಲಿ ನೋಡಲಾರ್ದ ಅದಕ್ಕೂ ನಾ ಸರ್ಟಿಫಿಕೇಟ್ ಬರಿಯಂಗಿಲ್ಲ.”

ಸುಜಯೀಂದ್ರ ತಲೆ ತಗ್ಗಿಸಿ ಕಾರ್ಡು ತೋರಿಸಿದ. ಸಹಿ ಬಿತ್ತು. ಇಮಾಮುದ್ದೀನ್ ಪುಸ್ತಕ ಹುಡುಕಿ, ಧೂಳು ಊದಿ, ಪ್ರತಿ ಬರೆದು, ಅಧಿಕಾರಿಯ ಸಹಿ ಮಾಡಿಸಿ, ದುಂಡು ಮೊಹರು ಒತ್ತಿದರು. ತಾರೀಖು ಒಂದಿಷ್ಟೂ ಮುಚ್ಚಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ, ಒಂದೇ ಚಪ್ಪಲಿಯಲ್ಲಿ, ಸೆಗಣಿ ಮೆತ್ತಿದ ಪ್ಯಾಂಟಿನಲ್ಲಿ ಅವನು ಕಲಬುರಗಿಯ ಮೈದಾನಕ್ಕೆ ಓಡಿ ಬಂದ. ದಾಖಲೆ ನೋಡುತ್ತಿದ್ದ ಜಾವೀದ್ ಸರ್ ಕಾಗದವನ್ನು ಬೆಳಕಿಗೆ ಹಿಡಿದರು.

“ಶಾಬಾಶ್! ದಾಖಲಿ ಅಂದ್ರ ಇದು ನೋಡ್ರಿ! ನಂಬರ್ ಅದ, ಸಹಿ ಅದ, ಎಲ್ಲಾ ಬರೋಬರಿ ಅದ. ಪ್ರೀತಿ ಪಾಸ್!”

ಪ್ರೀತಿ ಮೈದಾನಕ್ಕೆ ಒಂದು ಸುತ್ತು ಓಡಿಯೇಬಿಟ್ಟಳು. ಉಳಿದ ಹನ್ನೊಂದು ಹುಡುಗಿಯರೂ ಅವರ ತಾಯಂದಿರೂ ಚಪ್ಪಾಳೆ ತಟ್ಟಿದರು. ಸುಜಯೀಂದ್ರನಿಗೆ ಕಾಲಿನ ಉರಿ ಮರೆತೇಹೋಯಿತು.

ಅಷ್ಟರಲ್ಲಿ ಜಾವೀದ್ ಸರ್ ಅವರ ಕಣ್ಣು ಆ ಚೆಂದದ ಕಾಗದದಿಂದ ಅದರಡಿಯ ಕಟ್ಟಿಗೆ ಇಳಿಯಿತು. ಒಂದು ತಿರುವಿದರು, ಎರಡು ತಿರುವಿದರು, ಹನ್ನೊಂದೂ ತಿರುವಿದರು.

“ಅರೇ, ಇವೆಲ್ಲಾ ಬರೇ ಝೆರಾಕ್ಸ್! ಒಬ್ಬಾಕಿಗಿ ಒಂದು ಕಾಯ್ದೆ, ಹನ್ನೊಂದು ಮಂದಿಗಿ ಒಂದು ಕಾಯ್ದೆ ಮಾಡ್ಲಿಕ್ಕಿ ಬರಂಗಿಲ್ಲ. ನಾಳಿ ಸಂಜಿ ನಾಲ್ಕರತನಕ ಟೈಮ್ ಕೊಡ್ತೀನಿ. ಎಲ್ಲಾರ ಒರಿಜಿನಲ್ ತರ್ರಿ.”

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರದೂ ಚೊಚ್ಚಲ ಹೆರಿಗೆ, ಎಲ್ಲರದೂ ತವರಿನಲ್ಲಿ. ಕಾಗದಗಳೂ ಅಲ್ಲಿಯೇ ಅಜ್ಜಿಯರ ಟ್ರಂಕು ಸೇರಿದ್ದವು.

“ಝೆರಾಕ್ಸ್ ಮಾಡಸಿ ಅಲ್ಲೇ ಇಟ್ಟಿದ್ವಿ. ನಾವ್ ಅವನ್ನ ಕಣ್ಣೀಲೆ ಕಂಡು ಹತ್ತು ವರ್ಷ ಆಯ್ತ್ರಿ ಸರ್,” ಎಂದರು ಚಂದಮ್ಮ ಎಂಬ ತಾಯಿ.

“ನೀವು ಕಂಡಿಲ್ಲಂದ್ರ ಏನಾತ್ರಿ?” ಜಾವೀದ್ ಸರ್ ಹಸಿರು ಸಾಲಿನ ಮೇಲೆ ಬೆರಳಿಟ್ಟರು. “ಸಾಹೇಬ್ರು ಕಂಡಾರ. ‘ಮೂಲ ಪ್ರತಿ ನೋಡಿದ್ದೇನೆ.’ ಹನ್ನೊಂದ್ರ ಮ್ಯಾಲೂ ಬರದಾರ. ಎಲ್ಲೆಲ್ಲಿ ಅದಾವ ಅಂತ ಅವರಿಗೇ ಗೊತ್ತು, ಅವರೇ ತರ್ತಾರ. ಹೌದಿಲ್ಲೋ ಸಾಹೇಬ್ರೇ?”

ಇಲ್ಲವೆಂದರೆ ನೌಕರಿಗೇ ಸಂಚಕಾರ. ಸುಜಯೀಂದ್ರ ಹಸಿರು ಪೆನ್ನನ್ನು ಜೇಬಿನ ಆಳಕ್ಕೆ ತಳ್ಳಿದ.

“ಹೌದ್ರಿ... ನೋಡೀನಿ.”

ತಾಯಂದಿರ ಮುಖಗಳು ಒಟ್ಟಿಗೇ ಅರಳಿದವು. ತವರಿಗೆ ಹೋಗುವವರು ಸಿಕ್ಕರೆ ಯಾರು ಬಿಡುತ್ತಾರೆ? “ಆಳಂದದಾಗ ನಮ್ಮ ತಮ್ಮಗ ಈ ಸ್ವೆಟರ್ ಕೊಡ್ರಿ!” “ಸೇಡಂದಾಗ ಮೊದಲ ನಮ್ಮನಿಗಿ!” “ಚಿಂಚೋಳಿ ಬಸ್ಸಿಗಿ ನಸುಕಿನಾಗ ಏಳ್ರಿ!” ಊರುಗಳು ಏಳಕ್ಕೆ ಬಂದಾಗ ಅವನು ಎಣಿಸುವುದನ್ನು ನಿಲ್ಲಿಸಿದ.

ಚಂದಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿಯೊಂದನ್ನು ಅವನ ಕೈಗಿಟ್ಟು, ಕಾಳಜಿಯಿಂದ ಹೇಳಿದರು:

“ಅಫಜಲಪುರದಾಗ ಗಡಿಬಿಡಿ ಮಾಡಬ್ಯಾಡ್ರಿ ಸಾಹೇಬ್ರೇ. ಕುಂತು ಹೊಟ್ಟಿ ತುಂಬ ಊಟ ಮಾಡಲಾರ್ದ ನಮ್ಮವ್ವ ಒರಿಜಿನಲ್ ಕೊಡಂಗಿಲ್ಲ.”