ಗಜೇಂದ್ರಗಡದ ಸ್ಪ್ಯಾನಿಷ್ ಮಗ್ಗಿ

ಗೋವಾದ ಹೋಟೆಲಿನ್ಯಾಗ ಸ್ಪೇನಿನ ಗಿರಾಕಿಗಳ ಕೂಡ ಮಾತಾಡಿ ಭಾಷಾ ಕಲಿತು, ಆ ಕೆಲಸ ಬಿಟ್ಟು ಬಂದು ಗಜೇಂದ್ರಗಡದಾಗ ಸ್ಪ್ಯಾನಿಷ್ ಟ್ಯೂಷನ್ ತೆಗದೇನ್ರಿ. ಅವತ್ತಿನಿಂದ ವಾರಕ್ಕೊಂದರೆ ಫಜೀತಿ ಆಗದ ಇರಂಗಿಲ್ಲ. ಗುಡ್ಡದ ಮ್ಯಾಲ ಕರೆಂಟ್ ತಯಾರಿಸೂ ಗಾಳಿ ಫ್ಯಾನ್ ನಿಲ್ಲಸೂ ಕಂಪನಿಗೆ ಸ್ಪೇನ್ ದೇಶದ ಸಾಹೇಬ ಬರ್ತಾನಂತ, ಅವನ ಭಾಷಾ ಬಂದವರಿಗೆ ಕೆಲಸ ಅಂತ ಸುದ್ದಿ ಹಬ್ಬಿದ್ದ ತಡ, ಮಂದಿ ಮುಗಿಬಿದ್ದರು.

ಎಲ್ಲಾರಕಿಂತ ಮೊದಲ ಬಂದವರು ರೋಣದ ಜೀಪ್ ಚಾಚಾ. "ಸರ, ಗಿರಾಕಿ ಇಲ್ದ ಜೀಪ್ ನಿಂತಲ್ಲೇ ನಿಂತೈತಿ. ಸಾಹೇಬ್ರ ಡ್ಯೂಟಿ ಸಿಕ್ರ ನಮ್ಮ ಮನೀ ನಡೀತೈತಿ. ಇಲ್ಲಾಂದ್ರ ಜೀಪ್ ಗುಜರಿಗೆ," ಅಂದ್ರು. ಖರೇನ ಕರಳ ಚುರ್ ಅಂತು.

೧. ಹಿಂದಿಂದು ಬ್ಯಾಡ

ನರಗುಂದದಿಂದ ಒಬ್ಬ ಅಪ್ಪ ಮಗನ್ನ ಕರಕೊಂಡು ಬಂದ.

"ಈಗ ಏನ್ ಕಲಸಾಕ ಹತ್ತೀರಿ?"

"ಆಗಿ ಹೋದ ಕಾಲದ ಕ್ರಿಯಾಪದ ನಡದಾವ್ರಿ. ನಾ ಉಂಡೆ, ನೀ ಉಂಡಿ, ಹಿಂಗ."

"ಅಯ್ಯ, ಹಿಂದಿಂದು ಯಾಕ್ರೀ? ಈ ನನ್ನ ಮಗಾ ಎಸ್ಸೆಸ್ಸೆಲ್ಸಿ ಮೂರ ಸಲ ನಪಾಸ ಆಗ್ಯಾನ. ಅದನ್ನ ಸಾಹೇಬನ ಮುಂದ ಅವನ ಭಾಷಾದಾಗ ಹೇಳ್ಬೇಕೇನು? ಮುಂದಿಂದ ಅಷ್ಟ ಕಲಸ್ರಿ!"

೨. ಊರೂಟ

ನಾನೂ ಇಲ್ಲೀ ಸಾಲ್ಯಾಗ ಕಲಿತಾಂವ. ಹಿಂಗಾಗಿ ಮಗ್ಗಿ ಒದರಿಸಿದಂಗ 'ನಾ ಉಂಡೆ, ನೀ ಉಂಡಿ, ಅಂವ ಉಂಡ' ಅನ್ನೂದನ್ನ ರಾಗ ಮಾಡಿ ಒದರಿಸಿದೆ: "ಕೊಮೀ, ಕೊಮಿಸ್ತೆ, ಕೊಮಿಯೋ…" ಚಾಚಾಗ ಬಾಯಿಪಾಠ ಪಕ್ಕಾ ಆತು. ಆದ್ರ ಬಿಡಿಯಾಗಿ ಒಂದನ್ನ ಕೇಳಿದ್ರ ಮುಗೀತು. "ಚಾಚಾ, 'ಅವರು ಉಂಡರು' ಅಂತ ಹೇಳ್ರಿ" ಅಂದ್ರ, ಮೊದಲ ತಾವು ಉಂಡು, ನನಗ ಉಣಿಸಿ, ಓಣಿಗೆಲ್ಲಾ ಉಣಿಸಿ ಆಮ್ಯಾಲ ಅವರ ಮನೀ ಮುಟ್ಟತಿದ್ರು.

೩. ಕನ್ಯಾ ನೋಡಾಕ ಬಂದವರು

ನನ್ನ ಕ್ಲಾಸಿನ ಹುಡುಗಿ ಒಬ್ಬಾಕಿನ್ನ ನೋಡಾಕ ಗಂಡಿನ ಕಡೆಯವರು ಬಂದಿದ್ರಂತ. ಉಪ್ಪಿಟ್ಟು ಮುಗೀತು, ಶಿರಾ ಮೂರನೇ ಸಲ ಬಂತು. ಗಂಡಿನ ಸೋದರಮಾವ ಬಾಯಿ ಒರಸ್ಕೊಂಡು, "ಫಾರಿನ್ ಭಾಷಾ ಕಲಿತೀಯಂತಲ್ಲವಾ, ಏನರೆ ಒಂದೀಟ ಮಾತಾಡು" ಅಂದ.

ಹುಡುಗಿ ಪಾಠ ಒಪ್ಪಿಸಿದಳು.

"ಅರ್ಥ ಏನವಾ?"

"ನಾ ಉಂಡೆ, ನೀ ಉಂಡಿ, ಅಂವ ಉಂಡ, ನಾವು ಉಂಡ್ವಿ, ನೀವು ಉಂಡ್ರಿ, ಅವರೂ ಉಂಡ್ರು."

ಸೋದರಮಾವನ ಮಾರಿ ಕೆಂಪಾತು. "ಏಳ್ರಿ! ಇನ್ನಾ ಹೊಸ್ತಿಲಾ ದಾಟಿ ಬಂದಿಲ್ಲ, ಆಗ್ಲೇ ನಮ್ಮ ತುತ್ತು ಎಣಸಾಕ ಹತ್ಯಾಳ!" ಅಂತ ಎದ್ದ. ಎದ್ದಾಂವ ಶಿರಾದ ಪ್ಲೇಟ್ ಮಾತ್ರ ಕೈಯಾಗ ಹಿಡಕೊಂಡ ಇದ್ದನಂತ.

೪. ಎದ್ದು ನಿಂದರ್ರಿ

ಕಡೀಗೆ ಸಾಹೇಬ ಬಂದ. ಚಾಚಾ ಇಸ್ತ್ರಿ ಅಂಗಿ ಹಾಕ್ಕೊಂಡು ಕಂಪನಿ ಆಫೀಸಿಗೆ ಹೋದ್ರು. ಧೈರ್ಯಕ್ಕಂತ ನನ್ನನ್ನೂ ಕರಕೊಂಡು ಹೋಗಿದ್ರು. ಚಾಚಾ ಕುರ್ಚಿ ತುದೀಗೆ ಕುಂತು ಟೇಬಲ್ ಮ್ಯಾಲಿನ ಬಿಸ್ಕೀಟನ ನೋಡಾಕ ಹತ್ತಿದ್ರು. ಸಾಹೇಬ ಅದನ್ನ ನೋಡಿ, ನಗುನಗುತ್ತ ತನ್ನ ಭಾಷಾದಾಗ, "ಮುಂಜಾನೆ ಏನರೆ ತಿಂದಿಯೇನು?" ಅಂದ.

ಅದರಾಗ 'ಕೊಮಿಸ್ತೆ' ಅನ್ನೂದೊಂದು ಚಾಚಾಗ ಗುರ್ತು ಸಿಕ್ಕಿತು. ಚಾಚಾ ತಟ್ನ ಎದ್ದು, ಕೈ ನೆಟ್ಟಗ ಇಳಿಬಿಟ್ಟು, ರಾಗ ತೆಗದ್ರು: "ಕೊಮೀ, ಕೊಮಿಸ್ತೆ, ಕೊಮಿಯೋ…"

ಬಾಜೂಕ ಕುಂತಿದ್ದ ನಮ್ಮೂರ ಮ್ಯಾನೇಜರ್ ಶಾಣ್ಯಾ ಮನಷ್ಯಾ. ಇದು ಸ್ಪೇನಿನ ರಾಷ್ಟ್ರಗೀತಿ ಅಂತ ತಿಳದು ಧಡಕ್ಕನ ಎದ್ದು ಅಟೆನ್ಶನ್ ನಿಂತ. ಅವನ್ನ ನೋಡಿ ಕ್ಲಾರ್ಕ್ ಎದ್ದ, ವಾಚ್‌ಮನ್ ಎದ್ದ. ಚಾ ತಂದಾಕಿ ಕೆಟಲಿ ಕೆಳಗಿಟ್ಟು ನಿಂತಳು. ಸಾಹೇಬ ಒಬ್ಬನ ಬಾಯಿ ತಕ್ಕೊಂಡು ಕುಂತಿದ್ದ. ಮ್ಯಾನೇಜರ್ ಅವನ ಕಡೆ ಕಣ್ಣ ಕಿಸದು, "ಎದ್ದು ನಿಂದರ್ರಿ!" ಅಂತ ಕೈ ಮಾಡಿದ. ಪಾಪ, ಸಾಹೇಬ ಹೆದರಿ ಎದ್ದ.

ಎಲ್ಲಾರೂ ನಿಂತದ್ದು ನೋಡಿ ಚಾಚಾಗ ಹುರುಪು ಬಂದು ಇನ್ನೊಂದು ಮಗ್ಗೀನೂ ಶುರು ಮಾಡಿದ್ರು. ಸಾಹೇಬ ನಗು ತಡಕೊಂಡು ತಡಕೊಂಡು ಕಣ್ಣಾಗ ಬಳಬಳ ನೀರು ಬಂದುವು. ಮ್ಯಾನೇಜರ್ ನನ್ನ ಕಿವ್ಯಾಗ, "ನೋಡ್ರಿ ಸರ, ಇದು ದೇಶಭಕ್ತಿ ಅಂದ್ರ!" ಅಂದ.

ಡ್ಯೂಟಿ ಚಾಚಾಗ ಅಲ್ಲೇ ಪಕ್ಕಾ ಆತು. ಆ ಸಂತೋಷಕ್ಕ ಅದು ರಾಷ್ಟ್ರಗೀತಿ ಅಲ್ಲ ಅಂತ ನಾ ಬಾಯಿ ಬಿಡಲಿಲ್ಲ, ಸಾಹೇಬನೂ ಬಿಡಲಿಲ್ಲ. ಈಗ ದಿನಾ ಮುಂಜಾನೆ ಕೆಲಸಾ ಶುರು ಆಗೂಕಿಂತ ಮೊದಲ ಮ್ಯಾನೇಜರ್ ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ ಚಾಚಾನ ಕಡೆಯಿಂದ ಹಾಡಸ್ತಾನ. ಸಾಹೇಬ ಸೈತ ಟೊಪಿಗಿ ತಗದು, ಎದಿ ಮ್ಯಾಲ ಕೈ ಇಟ್ಟು ನಿಂತಿರ್ತಾನ: ನಾ ಉಂಡೆ, ನೀ ಉಂಡಿ, ಅಂವ ಉಂಡ.